ಮಾವನ ಫಿಯೆಟ್ಟೂ ನನ್ನ ಎಡಗಾಲೂ

ಲೈಸೆನ್ಸ್ ಕೈಗೆ ಬಂದಾಗ ನನಗೆ ಕಾರು ಓಡಿಸೋಕೆ ಬರುತ್ತಿರಲಿಲ್ಲ. ತಮಾಷೆಗೆ ಹೇಳ್ತಿಲ್ಲ. ಇಪ್ಪತ್ತು ದಿನ ಡ್ರೈವಿಂಗ್ ಸ್ಕೂಲಿಗೆ ಹೋಗಿದ್ದೆ. ಪಕ್ಕದಲ್ಲಿ ಕೂತವರ ಕಾಲ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇತ್ತು. ಅರ್ಧ ಕಾರನ್ನು ಅವರೇ ಓಡಿಸುತ್ತಿದ್ದರು. ನಾನು ಸ್ಟೇರಿಂಗ್ ಹಿಡಿದು, ಆಹಾ ಬಂತಲ್ಲ ಅಂದುಕೊಂಡಿದ್ದೆ.

ಮದುವೆಯಾಗಿ ತೀರ್ಥಹಳ್ಳಿ ಕಡೆ ಬಂದೆ. ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಮಾವನ ಪ್ರೀಮಿಯರ್ ಪದ್ಮಿನಿ ಇತ್ತು. 1988ರ ಗಾಡಿ. ಊರಲ್ಲಿ ಯಾರೂ ಪದ್ಮಿನಿ ಅನ್ನೋದಿಲ್ಲ, ಫಿಯೆಟ್ಟು ಅಂತಲೇ ಕರೆಯೋದು. ಅದೇನೂ ತಪ್ಪಲ್ಲ. ಇಟಲಿಯ ಫಿಯೆಟ್ 1100 ಕಾರನ್ನೇ ಮುಂಬೈಯ ಕುರ್ಲಾದಲ್ಲಿ ತಯಾರಿಸುತ್ತಿದ್ದರು. ಪದ್ಮಿನಿ ಅನ್ನೋ ಹೆಸರು ಬಂದಿದ್ದು ಆಮೇಲೆ, 1974ರಲ್ಲಿ. 1089 ಸಿಸಿ ಎಂಜಿನ್, ನಾಲ್ಕು ಗೇರು. ಗೇರ್ ಲಿವರ್ ನೆಲದಲ್ಲಿಲ್ಲ, ಸ್ಟೇರಿಂಗ್ ಪಕ್ಕದಲ್ಲಿದೆ. ಪವರ್ ಸ್ಟೇರಿಂಗ್ ಇಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು.

"ಲೈಸೆನ್ಸ್ ಉಂಟಲ್ಲ, ಓಡ್ಸು ಮಾರಾಯ್ತಿ" ಅಂದರು ಮಾವ. "ಅಂಗಳ ಇಷ್ಟು ದೊಡ್ಡದಿದೆ, ಏನಾಗ್ತದೆ?"

ಏನಾಯಿತು ಅಂದರೆ, ಗಾಡಿ ಸ್ಟಾರ್ಟೇ ಆಗಲಿಲ್ಲ. ಡಿಸೆಂಬರಿನ ಬೆಳಗ್ಗೆ, ಚಳಿ. ನಾನು ಕೀ ತಿರುಗಿಸಿ ಆಕ್ಸಿಲರೇಟರ್ ತುಳಿದೆ, ಮತ್ತೆ ಮತ್ತೆ ತುಳಿದೆ. ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು. ಓವರ್‌ಫ್ಲೋ ಆಗಿತ್ತು, ಅಂದರೆ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿಯಾಗಿ ಕಿಡಿ ಕೊಡೋ ಪ್ಲಗ್ ಒದ್ದೆಯಾಗಿತ್ತು. ಮಾವ ಬಂದು ಹತ್ತು ನಿಮಿಷ ಸುಮ್ನೆ ಬಿಡಿಸಿದರು. ಆಮೇಲೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಸಿದರು. ಹಾಗೆ ಹಿಡಿದರೆ ಗಾಳಿ ಜಾಸ್ತಿ ಒಳಗೆ ಹೋಗಿ ಪ್ಲಗ್ ಒಣಗುತ್ತದೆ. ತಣ್ಣಗಿರೋ ಎಂಜಿನ್ನಿಗೆ ಚೋಕ್ (ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಪಾಲು ಹೆಚ್ಚಿಸೋ ಗುಂಡಿ) ಪೂರ್ತಿ ಎಳೀಬೇಕು, ಕಾಲು ದೂರ ಇಟ್ಟು ಕೀ ತಿರುಗಿಸಬೇಕು, ಎಂಜಿನ್ ಹಿಡಿದ ಮೇಲೆ ಚೋಕನ್ನು ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳಬೇಕು. ಯಾವಾಗ ತಳ್ಳೋದು ಅಂತ ಕೇಳಿದರೆ, "ಅದೇ ಹೇಳ್ತದೆ, ಕೇಳು" ಅಂದರು.

ನಿಜಕ್ಕೂ ಹೇಳುತ್ತದೆ. ಮೊದಲು ದಪ್ಪ ಗಂಟಲಿನಲ್ಲಿ ಗುರುಗುಟ್ಟುತ್ತದೆ. ಬಿಸಿಯಾಗುತ್ತಾ ಬಂದ ಹಾಗೆ ಉಸಿರು ಕಟ್ಟಿದ ಹಾಗೆ ತಡವರಿಸುತ್ತದೆ. ಆಗ ತಳ್ಳಬೇಕು. ಒಂದು ಸಲ ಅರ್ಧ ಚೋಕಿನಲ್ಲೇ ಪೇಟೆಗೆ ಹೋಗಿ ಬಂದೆ. ಹಿಂದೆ ಕಪ್ಪು ಹೊಗೆ. ಮೆಕ್ಯಾನಿಕ್ ಪ್ಲಗ್ ಬಿಚ್ಚಿ ತೋರಿಸಿದ, ನಮ್ಮ ಬಚ್ಚಲೊಲೆಯ ಮಸಿ ಥರ ಇತ್ತು. ಮುಖ ನೋಡಿ ನಕ್ಕ, ದುಡ್ಡು ಮಾತ್ರ ತಗೊಂಡ.

ಗೇರಿನ ಕಥೆ ಬೇರೆ. ಇದರ ಫಸ್ಟ್ ಗೇರಿಗೆ ಸಿಂಕ್ರೊಮೆಶ್ ಇಲ್ಲ, ಅಂದರೆ ಗೇರುಗಳ ವೇಗ ಸರಿಹೊಂದಿಸಿ ಸಲೀಸಾಗಿ ಕೂರಿಸೋ ಏರ್ಪಾಡು ಇಲ್ಲ. ಗಾಡಿ ಓಡುತ್ತಿರುವಾಗಲೇ ಫಸ್ಟಿಗೆ ಹಾಕಲು ಹೋದರೆ ಕರ್ರ್ ಅಂತ ಕಿರುಚುತ್ತದೆ. ಒಂದೋ ಪೂರ್ತಿ ನಿಲ್ಲಿಸಿ ಹಾಕಬೇಕು, ಇಲ್ಲವೇ ಡಬಲ್ ಕ್ಲಚ್: ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದು ಸಣ್ಣ ರೇಸ್, ಮತ್ತೆ ಕ್ಲಚ್ ಒತ್ತಿ ಫಸ್ಟ್. ಓದೋಕೆ ಸುಲಭ. ನನ್ನ ಕಾಲಿಗೆ ಬರೋಕೆ ಎರಡು ತಿಂಗಳು ಬೇಕಾಯಿತು. ಬಂದ ದಿನ ಮಾವ ಏನೂ ಹೇಳಲಿಲ್ಲ, ಕಿಟಕಿ ಕಡೆ ತಿರುಗಿ ಎಲೆ ಅಡಿಕೆ ಹಾಕಿಕೊಂಡರು. ಅದೇ ಸರ್ಟಿಫಿಕೇಟು.

ಅದಕ್ಕಿಂತ ದೊಡ್ಡ ರೋಗ ಅಂದರೆ ನನ್ನ ಎಡಗಾಲು. ಗೇರ್ ಹಾಕಿ ಆದ ಮೇಲೂ ಅದು ಕ್ಲಚ್ ಮೇಲೇ ಕೂತಿರುತ್ತಿತ್ತು. "ಅದೇನು ನಿನ್ನ ಕಾಲುಮಣೆಯಾ?" ಅಂತ ಬೈಸಿಕೊಂಡೆ. ಹೊಸ ಕಾರಿನಲ್ಲಿ ಹೀಗೆ ಮಾಡಿದರೆ ಬೇಗ ಗೊತ್ತಾಗೋದಿಲ್ಲ, ಕ್ಲಚ್ ಪ್ಲೇಟ್ ಒಳಗೊಳಗೇ ಸವೆಯುತ್ತದೆ. ನಮ್ಮ ಮನೆಯ ಏರಿನಲ್ಲಿ ಹಾಫ್ ಕ್ಲಚ್ಚಿನಲ್ಲಿ ನಿಲ್ಲಿಸಿಕೊಂಡೆನೋ, ಸುಟ್ಟ ವಾಸನೆ ಬಂದೇ ಬರುತ್ತಿತ್ತು. ಮಾವ ಒಂದು ಉಪಾಯ ಮಾಡಿದರು. ಏರಿನ ಮಧ್ಯೆ ಗಾಡಿ ನಿಲ್ಲಿಸಿ, ಹಿಂದಿನ ಚಕ್ರದ ಹಿಂದೆ ಸ್ವಲ್ಪ ಜಾಗ ಬಿಟ್ಟು ಒಂದು ಕಲ್ಲಿಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಅಲ್ಲಿಂದ ಹೊರಡಿಸಿದರು. ಕಲ್ಲಿಗೆ ಚಕ್ರ ತಾಗಿದರೆ ನಾನು ಸೋತ ಹಾಗೆ. ಹದಿನೈದು ದಿನ ಸಂಜೆ ಇದೇ ಆಟ. ಬಾನೆಟ್ ಸ್ವಲ್ಪ ಎತ್ತಿದ ಹಾಗಾಗುತ್ತದಲ್ಲ, ಆ ಗಳಿಗೆಗೆ ಹ್ಯಾಂಡ್ ಬ್ರೇಕ್ ಬಿಡೋದು. ಇವತ್ತಿಗೂ ನಾನು ಏರಿನಲ್ಲಿ ಹೊರಡೋದು ಹಾಗೇ.

ಇನ್ನು ಬ್ರೇಕು. ಮಳೆಗಾಲ, ಕೊಪ್ಪದಿಂದ ಬರುತ್ತಿದ್ದೆವು. ತಗ್ಗಿನಲ್ಲಿ ಹಳ್ಳದ ನೀರು ರಸ್ತೆ ಮೇಲೆ ಹರಿಯುತ್ತಿತ್ತು, ಗೇಣುದ್ದ ಇರಬಹುದು. ದಾಟಿದೆ. ಮುಂದಿನ ತಿರುವಿನಲ್ಲಿ ಒಂದು ಕರು. ಬ್ರೇಕ್ ಒತ್ತಿದೆ. ಪೆಡಲ್ ಗಟ್ಟಿಯಾಗೇ ಇತ್ತು, ಗಾಡಿ ಮಾತ್ರ ಹೋಗುತ್ತಲೇ ಇತ್ತು. ಥರ್ಡಿನಿಂದ ಸೆಕೆಂಡಿಗೆ ಎಳೆದೆ, ಎಂಜಿನ್ ಅರಚಿತು, ಕರು ತಾನಾಗೇ ಪಕ್ಕಕ್ಕೆ ಹಾರಿತು. ಡ್ರಮ್ ಒಳಗೆ ನೀರು ಹೋದರೆ ಅದಕ್ಕೆ ಒತ್ತಿ ಚಕ್ರ ನಿಲ್ಲಿಸೋ ಲೈನರ್ ಜಾರುತ್ತದೆ. ನೀರು ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಒಂದಷ್ಟು ದೂರ ಹೋಗಬೇಕು, ಬಿಸಿಗೆ ಒಣಗುತ್ತದೆ. ಮಾವ ಇದನ್ನು ಮುಂಚೆ ಹೇಳಿರಲಿಲ್ಲ. ಹೇಳಬೇಕಿತ್ತು ಅಂತ ನಾನೂ ಬಿಡಲಿಲ್ಲ, ಮನೆ ಬರೋವರೆಗೆ ಮಾತಾಡಿಸಲಿಲ್ಲ.

ಆ ಕರುವಿನ ನಂತರ ನನ್ನ ಕಣ್ಣು ಮುಂದೆ ಹೋಯಿತು. ಮುಂಚೆ ಬಾನೆಟ್ ತುದಿ ನೋಡಿ ಓಡಿಸುತ್ತಿದ್ದೆ. ಈಗ ಮುಂದಿನ ಬಸ್ಸಿನ ಆಚೆ ಏನಿದೆ, ಸ್ಟಾಪಿನಲ್ಲಿ ಕೈ ಮಾಡೋಕೆ ಯಾರಾದರೂ ನಿಂತಿದ್ದಾರಾ, ಅಂತ ಹುಡುಕುತ್ತೇನೆ. ಕೈ ಮಾಡಿದರೆ ಬಸ್ಸು ನಿಲ್ಲುತ್ತದೆ, ಬಸ್ಸು ನಿಂತರೆ ನಾನೂ ನಿಲ್ಲಬೇಕು. ಬ್ರೇಕನ್ನು ನಂಬಿ ಓಡಿಸೋ ಹಾಗಿಲ್ಲ ಅಂದಾಗ ಬೇರೆ ದಾರಿ ಇಲ್ಲ, ಅಲ್ವಾ?

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಇಳಿಯುವಾಗ ಸೆಕೆಂಡ್ ಗೇರ್, ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡಿರಬೇಕು. ಬ್ರೇಕ್ ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು ಕೊನೇ ತಿರುವಿನ ಹೊತ್ತಿಗೆ ಹಿಡಿಯೋದೇ ಇಲ್ಲ. ಮಾವ ಹಿಂದೆಲ್ಲ ಪೆಟ್ರೋಲ್ ಉಳಿಸೋಕೆ ಎಂಜಿನ್ ಆಫ್ ಮಾಡಿ ನ್ಯೂಟ್ರಲ್ಲಿನಲ್ಲಿ ಇಳಿಯುತ್ತಿದ್ದರಂತೆ. ಅತ್ತೆ ಒಮ್ಮೆ ಜೊತೆಗಿದ್ದರು, ಅವತ್ತಿಗೇ ಅದು ಬಂದ್.

ಏರುವಾಗ ಇನ್ನೊಂದು ಗೋಳು. ಮೇ ತಿಂಗಳಲ್ಲಿ ಉಡುಪಿಯಿಂದ ಮದುವೆ ಮುಗಿಸಿ ವಾಪಸ್ ಬರುತ್ತಿದ್ದೆವು. ಘಾಟಿ ಬುಡದ ಸೋಮೇಶ್ವರ ಬಿಟ್ಟು ಅರ್ಧ ಘಾಟಿ ಹತ್ತಿದ್ದೆ. ಮೇಲಿನಿಂದ ವ್ಯಾನ್ ಬಂತು. ಕಿರಿದಾದ ಘಾಟಿ ರಸ್ತೆಯಲ್ಲಿ ಹತ್ತೋ ಗಾಡಿಗೇ ಮೊದಲ ದಾರಿ, ಆದರೂ ನಾನೇ ಹೆದರಿ ನಿಂತೆ. ನಿಂತದ್ದೇ ತಪ್ಪಾಯಿತು. ಎಂಜಿನ್ ಆಫ್ ಆಯಿತು, ಮತ್ತೆ ಹಿಡಿಯಲಿಲ್ಲ. ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆಯ ಇಬ್ಬರು ಅತ್ತೆಯಂದಿರು. ಈ ಥರ ಗಾಡಿಗಳಲ್ಲಿ ಪೆಟ್ರೋಲ್ ಪಂಪ್ ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಕಾವಿಗೆ ಒಳಗಿನ ಪೆಟ್ರೋಲ್ ಆವಿಯಾಗಿ, ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬ್ಯುರೇಟರಿಗೆ ಹೋಗೋದೇ ಇಲ್ಲ. ಮಾವ ಹೆಗಲ ಮೇಲಿನ ಬೈರಾಸ ತೆಗೆದು ನೀರಲ್ಲಿ ಅದ್ದಿ ಪಂಪಿಗೆ ಸುತ್ತಿದರು. ಕೋತಿಗಳು ಬಂದವು, ಮದುವೆ ಮನೆಯ ಬಾಳೆಹಣ್ಣು ಹೋಯಿತು. ಇಪ್ಪತ್ತು ನಿಮಿಷಕ್ಕೆ ಗಾಡಿ ಹಿಡಿಯಿತು. ಈಗ ಡಿಕ್ಕಿಯಲ್ಲಿ ಒಂದು ಹಳೇ ಬೈರಾಸ, ಎರಡು ಲೀಟರ್ ನೀರು ಯಾವಾಗಲೂ ಇರುತ್ತದೆ.

ಹಳೇ ಕಾರೇ ಚಂದ ಅಂತ ನಾನು ಹೇಳೋದಿಲ್ಲ. ಹೊಸ ಕಾರಿನ ಮುಂದಿನ ಸೀಟಿಗೆ ಬೆಲ್ಟ್ ಕಡ್ಡಾಯವಾದದ್ದೇ 1994ರಲ್ಲಿ. ನಮ್ಮದಕ್ಕೆ ಆಮೇಲೆ ಹಾಕಿಸಿದ್ದು, ಅದೂ ಮುಂದೆ ಮಾತ್ರ. ಮಕ್ಕಳನ್ನು ಶಾಲೆಗೆ ಬಿಡೋಕೆ ಬೇರೆ ಕಾರಿದೆ. ಅದು ಆಟೋಮ್ಯಾಟಿಕ್, ಕ್ಲಚ್ ಪೆಡಲ್ಲೇ ಇಲ್ಲ, ನನ್ನ ಎಡಗಾಲಿಗೆ ಪೂರ್ತಿ ರಜೆ. ಆದರೂ ರಾತ್ರಿ ಅದನ್ನು ಇಳಿಜಾರಿಗೆ ಮುಖ ಮಾಡಿಯೇ ನಿಲ್ಲಿಸುತ್ತೇನೆ. ಫಿಯೆಟ್ಟಿನ ಬ್ಯಾಟರಿ ಕೈಕೊಟ್ಟರೆ ಸೆಕೆಂಡ್ ಗೇರಿನಲ್ಲಿ ಉರುಳಿಸಿ ಸ್ಟಾರ್ಟ್ ಮಾಡೋಕೆ ಮಾವ ಕಲಿಸಿದ ಅಭ್ಯಾಸ. "ಇದನ್ನ ತಳ್ಳಿದ್ರೆ ತೋಟಕ್ಕೆ ಹೋಗ್ತದೆ ಅಷ್ಟೆ" ಅಂತ ನಮ್ಮವರು ನಗುತ್ತಾರೆ.

ಫಿಯೆಟ್ಟು ಈಗ ಭಾನುವಾರದ ಗಾಡಿ. ಬಂಕಿನಲ್ಲಿ ಸಿಗೋ ಪೆಟ್ರೋಲಿಗೆ ಶೇ. 20ರವರೆಗೆ ಎಥೆನಾಲ್ ಬೆರೆಸಿರುತ್ತಾರೆ. ಹಳೇ ರಬ್ಬರಿಗೆ ಅದು ಆಗಿಬರೋದಿಲ್ಲ. ಹೋದ ವರ್ಷ ಪಂಪಿನ ಡಯಾಫ್ರಾಮೂ ಪೈಪೂ ಬದಲಾಯಿಸಿದೆವು. ಮೊನ್ನೆಯಿಂದ ಮತ್ತೆ ಒಂದು ಥರ ಮಿಸ್ಸಿಂಗ್ ಇದೆ, ಎಂಜಿನ್ ಮಧ್ಯೆ ಮಧ್ಯೆ ಮುಗ್ಗರಿಸುತ್ತದೆ. ಮಾವ ಕಿವಿಗೊಟ್ಟು "ಪೆಟ್ರೋಲ್ ಅಲ್ಲ, ಸಿಬಿ ಪಾಯಿಂಟು" ಅಂದರು. ಪ್ಲಗ್ಗಿನಲ್ಲಿ ಕಿಡಿ ಬರೋಕೆ ಕರೆಂಟು ಕಡಿದು ಕೊಡೋ ಪುಟ್ಟ ಸ್ವಿಚ್ಚು ಅದು. ನನಗೂ ಹಾಗೇ ಕೇಳಿಸಿತು. ಸೋಮವಾರ ಶಿವಮೊಗ್ಗಕ್ಕೆ ಹೋಗೋದಿದೆ, ಎರಡು ಸೆಟ್ ತರಬೇಕು. ಒಂದು ಗಾಡಿಗೆ, ಒಂದು ಡಿಕ್ಕಿಯಲ್ಲಿ ಬೈರಾಸದ ಜೊತೆ ಇಡೋಕೆ.