ಫಾರ್ಮ್ ಮುಚ್ಚುವಾಗ ಗ್ರಿಡ್ ತಕರಾರು ತೆಗೆದರೆ

ವಿಜಯಪುರದ ಒಣದ್ರಾಕ್ಷಿ ಶೀತಲಗೃಹವೊಂದಕ್ಕೆ ವಿಂಡೋಸ್ ಫಾರ್ಮ್ಸ್‌ನಲ್ಲಿ (ಕಿಟಕಿ, ಗುಂಡಿಗಳಿರುವ ತಂತ್ರಾಂಶ ಬರೆಯುವ ಡಾಟ್‌ನೆಟ್ ಸಾಧನ) ಬರೆದುಕೊಟ್ಟಿದ್ದ ಲೆಕ್ಕದ ತಂತ್ರಾಂಶವು ದಿನವಿಡೀ ಸುಸೂತ್ರವಾಗಿ ನಡೆದು, ಸಂಜೆ ಗುಮಾಸ್ತರು ಆವಕದ ಫಾರ್ಮ್, ಎಂದರೆ ಆ ಕಿಟಕಿ, ಮುಚ್ಚುವ ಹೊತ್ತಿಗೆ ಸರಿಯಾಗಿ ದೋಷದ ಸಂದೇಶ ತೋರಿಸುತ್ತಿತ್ತು. ರೈತರ ಹೆಸರು, ಲಾಟ್ ಸಂಖ್ಯೆ, ಪೆಟ್ಟಿಗೆ, ತೂಕ ಇವನ್ನು ತುಂಬಲು ಡೇಟಾಗ್ರಿಡ್‌ವ್ಯೂ ಎಂಬ ಸಿದ್ಧ ಕೋಷ್ಟಕವನ್ನು ವಿಸ್ತರಿಸಿ ನಾನೇ ರಚಿಸಿದ್ದ ಗ್ರಿಡ್ ಅದರಲ್ಲಿತ್ತು. ಇಂಥ ತೊಂದರೆಯನ್ನು ಹುಡುಕಿ ತೆಗೆಯುವ ಕ್ರಮ ಹೀಗಿದೆ.

ಮೊದಲು ದೋಷ ಹುಟ್ಟುವ ಸಾಲನ್ನು ಹಿಡಿಯಬೇಕು. ವಿಷುಯಲ್ ಸ್ಟುಡಿಯೋದಲ್ಲಿ ಕಂಟ್ರೋಲ್, ಆಲ್ಟ್, ಇ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆಯುವ ಎಕ್ಸೆಪ್ಷನ್ ಸೆಟ್ಟಿಂಗ್ಸ್‌ನಲ್ಲಿ ಕಾಮನ್ ಲ್ಯಾಂಗ್ವೇಜ್ ರನ್‌ಟೈಮ್ ಸಾಲಿಗೆ ಗುರುತು ಹಾಕಿ, ಟೂಲ್ಸ್–ಆಪ್ಷನ್ಸ್‌ನ ಡೀಬಗಿಂಗ್ ಭಾಗದಲ್ಲಿ ಜಸ್ಟ್ ಮೈ ಕೋಡ್ (ನಮ್ಮ ಕೋಡನ್ನಷ್ಟೇ ತೋರಿಸು) ಆಯ್ಕೆಯನ್ನು ತೆಗೆದು, ಫಾರ್ಮ್ ಮುಚ್ಚಿ ನೋಡಿ. ಈ ಹಂತವನ್ನು ಬಿಟ್ಟು ಎಲ್ಲೆಡೆ ದೋಷವನ್ನು ಹಿಡಿದು ಸುಮ್ಮನಾಗುವ ಖಾಲಿ ಟ್ರೈ–ಕ್ಯಾಚ್ ಸುತ್ತುವವರಿದ್ದಾರೆ. ಅದರಿಂದ ಸಂದೇಶ ಮರೆಯಾಗುತ್ತದೆ, ದೋಷ ಅಲ್ಲಿಯೇ ಉಳಿಯುತ್ತದೆ.

ಎರಡನೆಯದಾಗಿ, ಅರ್ಧ ತುಂಬಿದ ಕೋಶವನ್ನು ಗಮನಿಸಿ. ಬಳಕೆದಾರರು ಪೆಟ್ಟಿಗೆಗಳ ಸಂಖ್ಯೆ ಬರೆಯುತ್ತಿರುವಾಗಲೇ ಮೂಲೆಯ ಗುಣಿಸು ಗುರುತನ್ನು ಒತ್ತಿದರೆ, ಫಾರ್ಮ್‌ಕ್ಲೋಸಿಂಗ್ ಘಟನೆಗೆ (ಮುಚ್ಚುವ ಮುನ್ನ ಬರುವ ಇವೆಂಟ್) ಮೊದಲೇ ಪರಿಶೀಲನೆ ನಡೆಯುತ್ತದೆ; ಅದು ವಿಫಲವಾದರೆ ಆ ಘಟನೆಯು ಬರುವಾಗಲೇ ಅದರ ಕ್ಯಾನ್ಸಲ್ ಮೌಲ್ಯ ಟ್ರೂ ಆಗಿರುತ್ತದೆ. ‘ಕಿಟಕಿ ಮುಚ್ಚುವುದೇ ಇಲ್ಲ’ ಎಂಬ ದೂರಿನ ಕಾರಣ ಹಲವು ಬಾರಿ ಇದೇ. ಬರೆದದ್ದನ್ನು ಉಳಿಸಬೇಕಿದ್ದರೆ ಗ್ರಿಡ್‌ನ ಎಂಡ್‌ಎಡಿಟ್, ಬಳಿಕ ಗ್ರಿಡ್ಡನ್ನು ಮಾಹಿತಿಗೆ ಜೋಡಿಸುವ ಬೈಂಡಿಂಗ್‌ಸೋರ್ಸ್‌ನ ಎಂಡ್‌ಎಡಿಟ್ ಕರೆಯಿರಿ. ಬಿಟ್ಟುಬಿಡುವುದಿದ್ದರೆ ಕ್ಯಾನ್ಸಲ್‌ಎಡಿಟ್ ಕರೆದು ಕ್ಯಾನ್ಸಲ್ ಮೌಲ್ಯವನ್ನು ಫಾಲ್ಸ್ ಮಾಡಿ. ರದ್ದು ಗುಂಡಿಗೆ ಕಾಸಸ್‌ವ್ಯಾಲಿಡೇಶನ್ ಅನ್ನು ಫಾಲ್ಸ್ ಇಡುವುದನ್ನೂ ಮರೆಯಬೇಡಿ.

ಮೂರನೆಯದು ತಡವಾಗಿ ಬರುವ ಕರೆಗಳು. ನನ್ನನ್ನು ಹೆಚ್ಚು ಕಾಡಿದ್ದು ಇದೇ, ಏಕೆಂದರೆ ಸೀರಿಯಲ್ ಪೋರ್ಟ್‌ಗೆ ಜೋಡಿಸಿದ್ದ ತೂಕದ ಯಂತ್ರವು ಕಳಿಸುವ ಅಂಕಿಗಳು ಡೇಟಾರಿಸೀವ್ಡ್ ಘಟನೆಯಾಗಿ, ಕಿಟಕಿಯನ್ನು ನಡೆಸುವ ಮುಖ್ಯ ಥ್ರೆಡ್‌ನಲ್ಲಿ (ಥ್ರೆಡ್ ಎಂದರೆ ಕೋಡ್ ನಡೆಯುವ ಒಂದು ಎಳೆ) ಬಾರದೆ ಬೇರೊಂದು ಥ್ರೆಡ್‌ನಲ್ಲಿ ಬರುತ್ತವೆ. ಫಾರ್ಮ್ ಮುಚ್ಚಿದ ಮೇಲೂ ಒಂದು ಅಂಕಿ ಬಂದು ಗ್ರಿಡ್‌ನ ಬಾಗಿಲು ತಟ್ಟಿದರೆ ಆಬ್ಜೆಕ್ಟ್‌ಡಿಸ್ಪೋಸ್ಡ್‌ಎಕ್ಸೆಪ್ಷನ್ ಏಳಬಹುದು. ಆ ಘಟನೆಯೊಳಗೆ, ಮುಖ್ಯ ಥ್ರೆಡ್‌ಗೆ ಕೆಲಸ ಒಪ್ಪಿಸಿ ಮುಗಿಯುವವರೆಗೆ ಕಾಯುವ ಇನ್ವೋಕ್ ಬಳಸಿದ್ದರೆ ಇನ್ನೂ ಕಷ್ಟ: ಪೋರ್ಟ್ ಮುಚ್ಚಲು ಮುಖ್ಯ ಥ್ರೆಡ್ ಆ ಘಟನೆ ಮುಗಿಯಲೆಂದು ಕಾಯುತ್ತದೆ, ಆ ಘಟನೆ ಮುಖ್ಯ ಥ್ರೆಡ್‌ಗಾಗಿ ಕಾಯುತ್ತದೆ, ಕಿಟಕಿ ಹೆಪ್ಪುಗಟ್ಟಿ ನಿಲ್ಲುತ್ತದೆ. ಆದ್ದರಿಂದ ಕೆಲಸ ಒಪ್ಪಿಸಿ ಕಾಯದೆ ಮುಂದುವರಿಯುವ ಬಿಗಿನ್‌ಇನ್ವೋಕ್ ಬಳಸಿ, ಅದರೊಳಗೆ ಈಸ್‌ಡಿಸ್ಪೋಸ್ಡ್ ಪರೀಕ್ಷಿಸಿ. ಮುಚ್ಚುವುದು ಖಚಿತವಾದ ಮೇಲೆ, ಎಂದರೆ ಫಾರ್ಮ್‌ಕ್ಲೋಸ್ಡ್‌ನಲ್ಲಿ, ಮೊದಲು ಘಟನೆಯ ನಂಟು ಬಿಡಿಸಿ ಅನಂತರ ಪೋರ್ಟ್ ಮುಚ್ಚಿ. ಸಿಸ್ಟಮ್ ಟೈಮರ್ಸ್ ನೇಮ್‌ಸ್ಪೇಸ್‌ನ ಟೈಮರ್ ಕೂಡ ಸ್ಟಾಪ್ ಹೇಳಿದ ಮೇಲೆ ಒಮ್ಮೆ ಮಿಡಿಯಬಲ್ಲದು.

ಕೊನೆಗೆ ಡಿಸ್ಪೋಸ್, ಎಂದರೆ ಗ್ರಿಡ್ ಹಿಡಿದುಕೊಂಡಿದ್ದ ಸಂಪನ್ಮೂಲಗಳನ್ನು ಬಿಟ್ಟುಕೊಡುವ ವಿಧಾನ. ಇದು ಎರಡು ಬಾರಿ ಕರೆಯಲ್ಪಟ್ಟರೂ ತೊಂದರೆಯಾಗದಂತೆ ಬರೆಯಬೇಕು. ನಿಮ್ಮ ಫಾಂಟ್, ಬ್ರಷ್‌ಗಳನ್ನು ಬಿಡುಗಡೆ ಮಾಡಿದ ಬಳಿಕವೇ ಮೂಲ ವರ್ಗದ ಡಿಸ್ಪೋಸ್ ಕರೆಯಬೇಕು. ಸ್ಟ್ಯಾಟಿಕ್ ಘಟನೆಗಳಿಗೆ ಚಂದಾ ಹಾಕಿದ್ದರೆ ತೆಗೆಯಿರಿ, ಇಲ್ಲವಾದರೆ ಗ್ರಿಡ್ ಸ್ಮೃತಿಯಲ್ಲಿ ಉಳಿದುಬಿಡುತ್ತದೆ. ಡೇಟಾಸೋರ್ಸ್ ಅನ್ನು ನಲ್ ಮಾಡುವಾಗ ಸೆಲೆಕ್ಷನ್‌ಚೇಂಜ್ಡ್ ಏಳಬಹುದು, ಆಗ ಕರೆಂಟ್‌ರೋ ನಲ್ ಆಗಿರಬಹುದೆಂದು ಎಣಿಸಿಯೇ ಬರೆಯಿರಿ. ಶೋಡೈಲಾಗ್‌ನಿಂದ ತೆರೆದ ಫಾರ್ಮ್ ಮುಚ್ಚಿದರೂ ತಾನಾಗಿ ಡಿಸ್ಪೋಸ್ ಆಗುವುದಿಲ್ಲವಾದ್ದರಿಂದ ಅದನ್ನು ಯೂಸಿಂಗ್ ಆವರಣದಲ್ಲಿಡಿ.

ತಿದ್ದಿದ ಬಳಿಕ ಗುಣಿಸು ಗುರುತು, ಆಲ್ಟ್–ಎಫ್4, ರದ್ದು ಗುಂಡಿ, ವಿಂಡೋಸ್ ಶಟ್‌ಡೌನ್ ಹೀಗೆ ಎಲ್ಲ ದಾರಿಗಳಿಂದಲೂ, ಕೋಶದಲ್ಲಿ ಅರ್ಧ ಬರೆದಿರುವಾಗಲೇ ಮತ್ತು ತಕ್ಕಡಿಯ ಮೇಲೆ ಪೆಟ್ಟಿಗೆ ಇರುವಾಗಲೇ, ಫಾರ್ಮ್ ಮುಚ್ಚಿ ನೋಡಿ.