ರಾಜುವಿಗೆ ಮಳೆ ತರಿಸಿದ್ದು ಯಾರು?

ಉಡುಪಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಸಿಲೆಬಸ್ಸಿನಲ್ಲಿ ಕಾದಂಬರಿ ಇದ್ದರೆ ಮಕ್ಕಳು ಮೊದಲು ಹುಡುಕುವುದು ಅದರ ಸಿನಿಮಾವನ್ನು. ಬೈದು ಏನೂ ಪ್ರಯೋಜನವಿಲ್ಲ. ಹಾಗಾಗಿ ನಾನೇ ತೋರಿಸಲು ಶುರು ಮಾಡಿದೆ. ಪೂರ್ತಿ ಸಿನಿಮಾ ಅಲ್ಲ, ಕೊನೆಯ ಅರ್ಧ ಗಂಟೆ ಮಾತ್ರ. ಅದಕ್ಕೆ ಮೊದಲು ಪುಸ್ತಕದ ಮೊದಲ ಅಧ್ಯಾಯ, ಕೊನೆಯ ಅಧ್ಯಾಯ ಎರಡನ್ನೂ ಕ್ಲಾಸಿನಲ್ಲೇ ಗಟ್ಟಿಯಾಗಿ ಓದಿಸುತ್ತೇನೆ. ಮೊದಲನೆಯದು ಯಾಕೆ ಬೇಕು ಅಂದ್ರೆ, ಕೊನೆಯಲ್ಲಿ ತೀರಬೇಕಾದ ಸಾಲ ಅಲ್ಲೇ ಶುರುವಾಗಿರುತ್ತದೆ.

"ಸಿನಿಮಾ ಪುಸ್ತಕಕ್ಕೆ ನಿಷ್ಠವಾಗಿದೆಯೇ" ಎಂಬ ಪ್ರಶ್ನೆಯನ್ನು ನಾನು ಕೇಳುವುದೇ ಇಲ್ಲ. ಅದಕ್ಕೆ ಇದೆ ಅಥವಾ ಇಲ್ಲ ಅಂತ ಬರೆದರೆ ಮುಗಿಯಿತು. ನಾನು ಕೇಳುವುದು ಇಷ್ಟೇ: ಈ ಕೊನೆ ಯಾರ ಪ್ರಶ್ನೆಗೆ ಉತ್ತರ ಕೊಡುತ್ತಿದೆ?

ಇದಕ್ಕೆ ಆರ್.ಕೆ. ನಾರಾಯಣ್ ಅವರ 'ದಿ ಗೈಡ್' ನಷ್ಟು ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಕಾದಂಬರಿ ಬಂದದ್ದು 1958ರಲ್ಲಿ, ವಿಜಯ್ ಆನಂದ್ ನಿರ್ದೇಶನದ ಹಿಂದಿ ಸಿನಿಮಾ 1965ರಲ್ಲಿ. ಜೈಲಿನಿಂದ ಹೊರಬಂದ ರಾಜುವನ್ನು ಹಳ್ಳಿಯವರು ಸ್ವಾಮಿ ಅಂತ ತಿಳಿದುಕೊಳ್ಳುತ್ತಾರೆ. ಬರಗಾಲ ಬರುತ್ತದೆ. ಮಳೆಗಾಗಿ ಸ್ವಾಮಿಗಳು ಉಪವಾಸ ಮಾಡುತ್ತಾರೆ ಅಂತ ಸುದ್ದಿ ಹಬ್ಬುತ್ತದೆ. ಅವನಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ.

ಕಾದಂಬರಿಯ ಕೊನೆಯನ್ನು ಓದಿಸುವಾಗ ಕ್ಲಾಸಿನಲ್ಲಿ ನಗು ಬರುತ್ತದೆ, ಬರಲೇಬೇಕು. ಉಪವಾಸದ ಜಾಗ ಜಾತ್ರೆಯಾಗಿದೆ. ಅಂಗಡಿಗಳು ಎದ್ದಿವೆ, ಆರೋಗ್ಯ ಇಲಾಖೆಯವರು ಬಂದು ಮಲೇರಿಯಾ ಬಗ್ಗೆ ಪ್ರಚಾರ ಮಾಡುತ್ತಿದ್ದಾರೆ. (ಮಲೇರಿಯಾದ ಕಾಟ ಕಂಡ ಮಂಗಳೂರು ಕಡೆಯ ಮಕ್ಕಳು ಇಲ್ಲಿ ಸ್ವಲ್ಪ ಜಾಸ್ತಿಯೇ ನಗುತ್ತಾರೆ.) ಅಮೆರಿಕದಿಂದ ಟಿವಿಯವನೊಬ್ಬ ಕ್ಯಾಮೆರಾ ಹೊತ್ತು ಬಂದಿದ್ದಾನೆ. ಇಷ್ಟೆಲ್ಲ ಗದ್ದಲದ ನಡುವೆ ಒಂದು ಸಣ್ಣ ಪ್ಯಾರಾ ಇದೆ. ಊಟದ ಆಸೆಯನ್ನು ತಲೆಯಿಂದ ಕಿತ್ತು ಹಾಕುತ್ತೇನೆ ಅಂತ ರಾಜು ಹಟ ಹಿಡಿಯುತ್ತಾನೆ. ಬದುಕಿನಲ್ಲಿ ಮೊದಲ ಸಲ, ತನಗೆ ಯಾವ ಲಾಭವೂ ಇಲ್ಲದ ಕೆಲಸವನ್ನು ಮನಸ್ಸಿಟ್ಟು ಮಾಡುತ್ತಿದ್ದಾನೆ. ನನ್ನ ಪ್ರಕಾರ ಕಾದಂಬರಿ ಅಲ್ಲಿಯೇ ತಿರುಗಿತು. ಆಮೇಲೆ ಅವನು ನದಿಗೆ ಇಳಿಯುತ್ತಾನೆ. ದೂರದ ಬೆಟ್ಟದಲ್ಲಿ ಮಳೆ ಬರುತ್ತಿದೆ, ನನ್ನ ಕಾಲಿಗೆ ಗೊತ್ತಾಗುತ್ತಿದೆ ಎನ್ನುತ್ತಾನೆ. ಕುಸಿಯುತ್ತಾನೆ. ಪುಸ್ತಕ ಮುಗಿಯಿತು. ಮಳೆ ಬಂತೋ, ಹಸಿದವನ ಭ್ರಮೆಯೋ, ಅವನು ಸತ್ತನೋ, ಬರೀ ಬಿದ್ದನೋ, ನಾರಾಯಣ್ ಹೇಳುವುದಿಲ್ಲ. ಉಳಿಯುವುದು ರಾಜುವಿನ ಪ್ರಶ್ನೆ: ಇವನು ನಿಜವಾಗಿ ಬದಲಾದನೇ?

ಇಲ್ಲಿ ನಿಲ್ಲಿಸಿ ಸಿನಿಮಾ ಹಾಕುತ್ತೇನೆ. ಕಾದಂಬರಿಯ ಕೊನೆಯಲ್ಲಿ ಇಲ್ಲದ, ರಾಜು ಪ್ರೀತಿಸಿದ ರೋಸಿಯೂ ಅವನ ತಾಯಿಯೂ ಇಲ್ಲಿ ಬರುತ್ತಾರೆ. ರಾಜುವಿನ ಮನಸ್ಸಿನ ಜಗಳ ತೋರಿಸಲು ಇಬ್ಬರು ದೇವ್ ಆನಂದ್ ಎದುರುಬದುರಾಗಿ ವಾದ ಮಾಡುತ್ತಾರೆ. ಕೊನೆಗೆ ರಾಜು ಸಾಯುತ್ತಾನೆ, ಮಳೆ ಸುರಿಯುತ್ತದೆ. ಅನುಮಾನಕ್ಕೆ ಜಾಗವೇ ಇಲ್ಲ. ಈಗ ಉತ್ತರ ಸಿಕ್ಕಿದ್ದು ಹಳ್ಳಿಯವರ ಪ್ರಶ್ನೆಗೆ. ಮಳೆ ಬಂತು, ಅಂದ್ರೆ ಅವನು ಮಹಾತ್ಮನೇ. ಪುಸ್ತಕದಲ್ಲಿ ನಮ್ಮ ತಲೆಗೆ ಬಿಟ್ಟ ತೀರ್ಪನ್ನು ಇಲ್ಲಿ ಆಕಾಶವೇ ಕೊಟ್ಟಿತು.

ಒಂದು ವರ್ಷ ಇದನ್ನು ಜುಲೈನಲ್ಲಿ ತೋರಿಸಿದೆ. ನಮ್ಮ ಆ ರೂಮಿಗೆ ತಗಡಿನ ಮಾಡು. ಹೊರಗೆ ಹೊಡೆಯುತ್ತಿದ್ದ ಮಳೆಗೆ ಸಿನಿಮಾದ ಮಳೆಯ ಶಬ್ದ ಕೇಳಿಸಲೇ ಇಲ್ಲ. ಸ್ಪೀಕರ್ ಫುಲ್ ಇಟ್ಟರೂ ಇಲ್ಲ. ಹಿಂದಿನ ಬೆಂಚಿನಿಂದ ಒಬ್ಬ, "ಎಂತ ಸರ್, ಮಳೆ ಬಂದದ್ದಕ್ಕೆ ಇಷ್ಟು ಸಂಭ್ರಮವಾ?" ಅಂದ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರಿನ ಹುಡುಗ, ಇನ್ನೇನು ಹೇಳಿಯಾನು! ಆದರೆ ಅದರಿಂದ ನನಗೊಂದು ಉಪಾಯ ಸಿಕ್ಕಿತು. ಅಲ್ಲಿಂದ ಮುಂದೆ ಪ್ರತಿ ಸಿನಿಮಾದ ಕೊನೆಯನ್ನೂ ಎರಡು ಸಲ ತೋರಿಸುತ್ತೇನೆ. ಒಂದು ಸಲ ಶಬ್ದ ಪೂರ್ತಿ ತೆಗೆದು, ಇನ್ನೊಂದು ಸಲ ಶಬ್ದದ ಜೊತೆ. ಶಬ್ದವಿಲ್ಲದೆ ನೋಡಿದಾಗ 'ಗೈಡ್' ನಲ್ಲಿ ಕಾಣುವುದು ಬಳಲಿದ ಒಬ್ಬ ಮನುಷ್ಯ ಮತ್ತು ದೊಡ್ಡ ಗುಂಪು. ಎಸ್.ಡಿ. ಬರ್ಮನ್ ಸಂಗೀತ ಸೇರಿದ ಕೂಡಲೇ ಅದೇ ಗುಂಪು ಭಕ್ತರಾಗಿ ಬಿಡುತ್ತದೆ.

ನಾರಾಯಣ್‌ಗೆ ಸಿನಿಮಾ ಹಿಡಿಸಲಿಲ್ಲ. 'ಮಿಸ್‌ಗೈಡೆಡ್ ಗೈಡ್' ಅಂತ ಲೇಖನವನ್ನೇ ಬರೆದರು. ಮೈಸೂರು ಸುತ್ತಮುತ್ತ ತಾವು ಓಡಾಡಿ ಜಾಗ ತೋರಿಸಿದರೂ ಮಾಲ್ಗುಡಿಯ ಕಥೆ ಉದಯಪುರಕ್ಕೆ ಹೋಯಿತು ಎಂಬ ಬೇಸರ ಅವರದು. ನಾನು ಅವರ ಪಕ್ಷದವನೇ. ಆದರೆ ಕಾರ್ಕಳ ಕಡೆಯ ಒಬ್ಬ ಹುಡುಗಿ ನನ್ನನ್ನು ಸರಿಯಾಗಿ ಹಿಡಿದಳು. "ರಾಜು ಬದಲಾದನೋ ಇಲ್ಲವೋ ಅಂತ ಯೋಚನೆ ಮಾಡುವುದು ಪುಸ್ತಕ ಓದುವ ನಾವು ಸರ್. ಆ ಊರಿನವರಿಗೆ ಬೇಕಾದ್ದು ನೀರು ಅಲ್ವಾ?" ಸಿನಿಮಾದ ಪರವಾಗಿ ಇದಕ್ಕಿಂತ ಒಳ್ಳೆಯ ಮಾತು ನಾನು ಕೇಳಿಲ್ಲ.

ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ನ ಕಥೆ ಇನ್ನೂ ಮಜವಾಗಿದೆ. ಇಲ್ಲಿ ಕೊನೆಯನ್ನು ಮೊದಲು ಬದಲಿಸಿದ್ದು ಲೇಖಕನೇ. ಮೊದಲು ಬರೆದದ್ದರಲ್ಲಿ, ಕಥಾನಾಯಕ ಪಿಪ್ ಪ್ರೀತಿಸಿದ ಎಸ್ಟೆಲಾ ಬೇರೊಬ್ಬರನ್ನು ಮದುವೆಯಾಗಿದ್ದಾಳೆ. ಲಂಡನ್ ಬೀದಿಯಲ್ಲಿ ಎರಡು ನಿಮಿಷ ಸಿಗುತ್ತಾಳೆ, ಅಷ್ಟೇ. ಬುಲ್ವರ್ ಲಿಟನ್ ಎಂಬ ಲೇಖಕ ಸ್ನೇಹಿತ ಹೇಳಿದ ಅಂತ ಡಿಕನ್ಸ್ ಅದನ್ನು ಬದಲಿಸಿ ಇಬ್ಬರನ್ನೂ ಎಸ್ಟೆಲಾ ಬೆಳೆದ ಹಳೆಯ ಬಂಗಲೆಯ ಜಾಗದಲ್ಲಿ ಭೇಟಿ ಮಾಡಿಸಿದ. ಗಮನಿಸಿ, ಬಂಗಲೆಯ ಜಾಗದಲ್ಲಿ. ಬಂಗಲೆ ಅಷ್ಟರಲ್ಲಿ ನೆಲಸಮವಾಗಿದೆ, ತೋಟದ ಗೋಡೆ ಮಾತ್ರ ಉಳಿದಿದೆ. 1946ರಲ್ಲಿ ಡೇವಿಡ್ ಲೀನ್ ಸಿನಿಮಾ ಮಾಡಿದಾಗ ಆ ಬಂಗಲೆಯನ್ನು ಉಳಿಸಿಕೊಂಡರು. ಯಾಕೆ ಅಂದ್ರೆ ಪಿಪ್ ಪರದೆಗಳನ್ನು ಹರಿದು ಹಾಕಬೇಕು, ಕತ್ತಲ ಕೋಣೆಗೆ ಬೆಳಕು ನುಗ್ಗಬೇಕು, ಇಬ್ಬರೂ ಹೊರಗೆ ಓಡಬೇಕು. ನೋಡಲು ಬಹಳ ಚೆಂದ. ಆದರೆ ಪುಸ್ತಕದಲ್ಲಿ ಕಾಲವೇ ಕೆಡವಿ ಹಾಕಿದ್ದನ್ನು ಇಲ್ಲಿ ಹೀರೋ ಕೆಡವುತ್ತಾನೆ. ಪ್ರೇಕ್ಷಕನ ಪ್ರಶ್ನೆಗೆ, ಅಂದ್ರೆ ಇಬ್ಬರೂ ಒಂದಾದರೇ ಎಂಬುದಕ್ಕೆ, ಹೌದು ಎಂಬ ಉತ್ತರ ಸಿಕ್ಕಿತು.

ಕೆಲವೊಮ್ಮೆ ಕಾರಣ ನಿರ್ದೇಶಕನೂ ಅಲ್ಲ. 1939ರ 'ವದರಿಂಗ್ ಹೈಟ್ಸ್' ಸಿನಿಮಾದ ಕೊನೆಯಲ್ಲಿ ಪ್ರೇಮಿಗಳ ಆತ್ಮಗಳು ಕೈಹಿಡಿದು ನಡೆಯುವುದು ನಿರ್ಮಾಪಕ ಗೋಲ್ಡ್‌ವಿನ್ ಹಟಕ್ಕೆ ಸೇರಿದ ಶಾಟ್. ನಿರ್ದೇಶಕ ವೈಲರ್‌ಗೆ ಅದು ಬೇಡವಾಗಿತ್ತು.

ನಮ್ಮ ಊರಿನ ಕಥೆಯನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಶಿವರಾಮ ಕಾರಂತರ 'ಚೋಮನ ದುಡಿ' 1933ರ ಕಾದಂಬರಿ. ಅದನ್ನು 1975ರಲ್ಲಿ ಸಿನಿಮಾ ಮಾಡಿದವರು ಬಂಟ್ವಾಳದ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರು. ಚೋಮನಾದ ವಾಸುದೇವ ರಾವ್‌ಗೆ ರಾಷ್ಟ್ರ ಪ್ರಶಸ್ತಿ ಬಂತು. ಇಲ್ಲಿ ನನ್ನ ಪ್ರಶ್ನೆಗೆ ಸಿಗುವ ಉತ್ತರವೇ ಬೇರೆ. ಚೋಮ ಕೇಳಿದ್ದು ಉಳಲು ಒಂದು ತುಂಡು ಭೂಮಿ. ಪುಸ್ತಕದಲ್ಲೂ ಅದು ಸಿಗುವುದಿಲ್ಲ, ಸಿನಿಮಾದಲ್ಲೂ ಸಿಗುವುದಿಲ್ಲ. ಎರಡರಲ್ಲೂ ಅವನು ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಲೇ ಸಾಯುತ್ತಾನೆ. ಕಥೆ ಬದಲಾಗಿಲ್ಲ, ಆದರೂ ಅರ್ಥ ಒಂದೇ ಅಲ್ಲ. ಆ ಸಾಲುಗಳನ್ನು ಓದಲು ಎಷ್ಟು ಹೊತ್ತು ಬೇಕು? ನಾವು ಬೇಗ ಓದಿ ಸಾವಿಗೆ ಹೋಗಿಬಿಡುತ್ತೇವೆ. ಸಿನಿಮಾದಲ್ಲಿ ಹಾಗೆ ದಾಟಿ ಹೋಗಲು ಆಗುವುದಿಲ್ಲ. ದುಡಿ ನಿಲ್ಲುವವರೆಗೆ ಕೂರಲೇಬೇಕು. ಪುಸ್ತಕದಲ್ಲಿ ನನಗೆ ಚೋಮ ಸೋತವನ ಹಾಗೆ ಕಾಣುತ್ತಾನೆ. ಸಿನಿಮಾದಲ್ಲಿ ಅವನು ಊರಿಗೆಲ್ಲ ಕೇಳುವ ಹಾಗೆ ಜಗಳಕ್ಕೆ ನಿಂತವನು.

ಶಬ್ದ ತೆಗೆಯುವ ಪರೀಕ್ಷೆಯನ್ನು ಇದಕ್ಕೂ ಮಾಡಿದೆ. ಅರ್ಧ ನಿಮಿಷಕ್ಕೇ ಕ್ಲಾಸು ಗಲಾಟೆ ಎಬ್ಬಿಸಿತು. ಶಬ್ದ ಹಾಕಿದೆ. ಆಮೇಲೆ ಈ ಕೊನೆಯಲ್ಲಿ ಕಂಡದ್ದೇನು ಅಂತ ಚೀಟಿಯಲ್ಲಿ ಬರೆಯಲು ಹೇಳಿದಾಗ ಅರ್ಧ ಜನ ಸೋಲು ಎಂದಿದ್ದರು, ಅರ್ಧ ಜನ ಸಿಟ್ಟು ಎಂದಿದ್ದರು. ಸೋಲು ಎಂದವರಲ್ಲಿ ಹೆಚ್ಚಿನವರು ಪುಸ್ತಕವನ್ನು ಪೂರ್ತಿ ಓದಿದವರು. ಈ ಸಲ ಅರ್ಧ ಕ್ಲಾಸಿಗೆ ಮೊದಲು ಸಿನಿಮಾ, ಇನ್ನರ್ಧಕ್ಕೆ ಮೊದಲು ಪುಸ್ತಕ ಕೊಡುವ ಅಂತಿದ್ದೇನೆ.