ಸ್ಪ್ಯಾನಿಷ್‌ನ ‘ಗುಸ್ತಾರ್’ ಕಲಿಯಲು ಕನ್ನಡವೇ ಸಾಕು

ಸ್ಪ್ಯಾನಿಷ್ ಕಲಿಯುತ್ತಿರುವವರು ‘ಗುಸ್ತಾರ್’ ಕ್ರಿಯಾಪದವನ್ನು ಇಂಗ್ಲಿಷ್ ಮೂಲಕ ಅರ್ಥಮಾಡಿಕೊಳ್ಳಲು ಹೋಗಬೇಡಿ. ನೇರವಾಗಿ ಕನ್ನಡದ ‘ಹಿಡಿಸು’ ಇಟ್ಟುಕೊಳ್ಳಿ. ‘ಮೆ ಗುಸ್ತಾ ಎಲ್ ಕಫೆ’ ಎಂದರೆ ‘ನನಗೆ ಕಾಫಿ ಹಿಡಿಸುತ್ತದೆ’. ‘ಮೆ ಗುಸ್ತಾನ್ ಲೊಸ್ ಲಿಬ್ರೊಸ್’ ಎಂದರೆ ‘ನನಗೆ ಪುಸ್ತಕಗಳು ಹಿಡಿಸುತ್ತವೆ’. ಎರಡೂ ಭಾಷೆಗಳಲ್ಲಿ ಮೆಚ್ಚುವವರಿಗೆ ‘ಗೆ’ ಅರ್ಥದ ರೂಪ (‘ಮೆ’ ಎಂದರೆ ‘ನನಗೆ’), ಮೆಚ್ಚಿಗೆಯಾದ ವಸ್ತುವೇ ಕರ್ತೃ. ಆದ್ದರಿಂದ ವಸ್ತು ಬಹುವಚನವಾದರೆ ಕ್ರಿಯಾಪದವೂ ಬಹುವಚನ. ಇಂಗ್ಲಿಷ್ ದಾರಿಯಲ್ಲಿ ಬಂದವರು ತಡವರಿಸುವ ಈ ಜಾಗ ನಮಗೆ ಹುಟ್ಟಿನಿಂದಲೇ ಪರಿಚಿತ! ‘ಮೆ ದುಯೆಲೆ ಲಾ ಕಬೇಸಾ’, ಅಂದರೆ ‘ನನಗೆ ತಲೆ ನೋಯುತ್ತಿದೆ’, ಕೂಡ ಇದೇ ಅಚ್ಚಿನದು. ಆದರೆ ಕನ್ನಡದ ಪ್ರತಿಯೊಂದು ‘ನನಗೆ’ಯೂ ಅಲ್ಲಿ ‘ಮೆ’ ಆಗುವುದಿಲ್ಲ. ‘ನನಗೆ ನೀರು ಬೇಕು’ ಎನ್ನಲು ‘ಕಿಯೆರೊ ಆಗ್ವಾ’, ‘ನನಗೆ ಹಸಿವಾಗಿದೆ’ ಎನ್ನಲು ‘ತೆಂಗೊ ಆಂಬ್ರೆ’. ಇಲ್ಲಿ ‘ನಾನು’ ಎಂಬುದೇ ಕರ್ತೃ. ‘ಮರಿಯಾಳಿಗೆ ಹಿಡಿಸುತ್ತದೆ’ ಎನ್ನುವಾಗ ‘ಆ ಮರಿಯಾ ಲೆ ಗುಸ್ತಾ’ ಎಂದು ‘ಲೆ’ (ಅವಳಿಗೆ) ಕೂಡ ಸೇರಿಸಲೇಬೇಕು, ಕನ್ನಡದಲ್ಲಿ ಹೀಗೆ ಎರಡು ಸಲ ಹೇಳುವುದಿಲ್ಲ. ಇನ್ನೊಂದು ಮುಖ್ಯ ಎಚ್ಚರಿಕೆ: ಯಾರಿಗಾದರೂ ‘ಮೆ ಗುಸ್ತಾಸ್’ (ನೀನು ನನಗೆ ಹಿಡಿಸುತ್ತೀಯ) ಎಂದರೆ ಸಾಮಾನ್ಯವಾಗಿ ಅದು ಪ್ರೇಮದ ಮಾತು. ಸಹೋದ್ಯೋಗಿಯ ಬಗ್ಗೆ ಬರೀ ಮೆಚ್ಚುಗೆ ಹೇಳಲು ‘ಮೆ ಕಾಯೆ ಬಿಯೆನ್’ ಎನ್ನಿ.